ಜಾನುವಾರುಗಳಲ್ಲಿ ಶ್ವಾಸಕೋಶದ ಹೊರಪೊರೆಯ ಉರಿಯೂತ

ದನಕರುಗಳಿಗೆ ಬರುವ ಬೇನೆಗಳಲ್ಲಿ ಕೆಲವು ಬಾಯಿ, ಗೊರಸು, ಕೆಚ್ಚಲು ಮುಂತಾದ ಹೊರಗಿನ ಅಂಗಗಳಲ್ಲಿ ಕಾಣಿಸಿಕೊಳ್ಳುವುದರಿಂದ ಅವುಗಳನ್ನು ಗುರುತಿಸುವುದು ರೈತನಿಗೆ ಕಷ್ಟವಲ್ಲ. ಎದೆಗೂಡಿನೊಳಗಿನ ಬೇನೆಗಳು ಹಾಗಲ್ಲ. ಅವು ಕಣ್ಣಿಗೆ ಬೀಳುವುದಿಲ್ಲ. ರಾಸು ನಿಲ್ಲುವ ರೀತಿಯಿಂದಲೂ ಉಸಿರಾಡುವ ರೀತಿಯಿಂದಲೂ ಅವುಗಳನ್ನು ಊಹಿಸಿ ತಿಳಿಯಬೇಕಾಗುತ್ತದೆ. ಇಂತಹ ಬೇನೆಗಳಲ್ಲಿ ಶ್ವಾಸಕೋಶದ ಹೊರಪೊರೆಯ ಉರಿಯೂತವು ಮುಖ್ಯವಾದುದು. ಪಶುವೈದ್ಯರು ಇದನ್ನು ಪ್ಲೂರಿಸಿ ಎಂದು ಕರೆಯುವರು. ಎತ್ತು, ಹಸು, ಎಮ್ಮೆ, ಕುರಿ, ಆಡು, ಕುದುರೆ, ಹಂದಿ ಇವೆಲ್ಲಕ್ಕೂ ಇದು ಬರುವುದುಂಟು.

ಈ ಬೇನೆಯಲ್ಲಿ ಒಂದು ವಿಶೇಷವಿದೆ. ಮೊದಲ ಕೆಲವು ದಿನ ರಾಸು ನೋವಿನಿಂದ ನರಳುತ್ತದೆ. ಆಮೇಲೆ ನರಳಾಟ ತಗ್ಗುತ್ತದೆ. ಒಡೆಯನು ಬೇನೆ ಇಳಿಯಿತೆಂದು ಸಮಾಧಾನಪಟ್ಟು ಎತ್ತನ್ನು ಮತ್ತೆ ನೊಗಕ್ಕೆ ಹೂಡುತ್ತಾನೆ. ಆದರೆ ಅನೇಕ ವೇಳೆ ಅದೇ ಸಮಯದಲ್ಲಿ ಬೇನೆಯು ಹೆಚ್ಚು ಅಪಾಯದ ಹಂತಕ್ಕೆ ಬಂದಿರುತ್ತದೆ. ಮುಂಗಾರಿನ ಬಿತ್ತನೆಯ ಹೊತ್ತಿನಲ್ಲಿ ಜೋಡಿಯ ಒಂದೆತ್ತು ಹೋದರೆ ಉಳಿದ ಎತ್ತೂ ಕೆಲಸವಿಲ್ಲದೆ ನಿಲ್ಲುತ್ತದೆ. ಹದ ತಪ್ಪಿದ ಹೊಲವು ಆ ವರ್ಷಕ್ಕೆ ತಪ್ಪಿದಂತೆಯೇ. ಆದುದರಿಂದ ನೋವು ಅಡಗುವುದು ಬೇರೆ, ಬೇನೆ ವಾಸಿಯಾಗುವುದು ಬೇರೆ ಎಂಬುದನ್ನು ಜಾನುವಾರು ಸಾಕುವ ಪ್ರತಿಯೊಬ್ಬರೂ ಅರಿತಿರಬೇಕು.

ಪೊರೆಯ ರಚನೆಯೂ ಬೇನೆಯ ಹಂತಗಳೂ

ಎದೆಗೂಡಿನೊಳಗೆ ಒಂದು ತೆಳುವಾದ, ನುಣುಪಾದ, ಸದಾ ತೇವದಿಂದಿರುವ ಪೊರೆಯಿದೆ. ಅದರ ಒಂದು ಪದರವು ಶ್ವಾಸಕೋಶಗಳನ್ನು ಹೊದ್ದುಕೊಂಡಿದೆ. ಇನ್ನೊಂದು ಪದರವು ಪಕ್ಕೆಲುಬುಗಳ ಒಳಮೈಯನ್ನೂ, ಎದೆಯನ್ನು ಹೊಟ್ಟೆಯಿಂದ ಬೇರ್ಪಡಿಸುವ ವಪೆಯನ್ನೂ ಆವರಿಸಿದೆ. ಈ ಎರಡು ಪದರಗಳ ನಡುವೆ ಅತ್ಯಲ್ಪವಾದ ದ್ರವವಿರುತ್ತದೆ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಹಾಗೆ ಈ ದ್ರವವು ಪದರಗಳು ಒಂದರ ಮೇಲೊಂದು ಸಲೀಸಾಗಿ ಜಾರುವಂತೆ ಮಾಡುತ್ತದೆ. ಆರೋಗ್ಯವಾಗಿರುವ ಎತ್ತು ದಿನಕ್ಕೆ ಸಾವಿರಾರು ಸಲ ಉಸಿರಾಡಿದರೂ ಅದಕ್ಕೆ ಪಕ್ಕೆಯಲ್ಲಿ ಯಾವ ಬಾಧೆಯೂ ತೋರುವುದಿಲ್ಲ.

ಪೊರೆಗೆ ಉರಿಯೂತವು ಹತ್ತಿದಾಗ ಮೊದಲು ಅದು ಕೆಂಪಾಗಿ ಒರಟಾಗುತ್ತದೆ. ಅದರ ಮೇಲೆ ಹಾಲಿನ ಕೆನೆಯಂತಹ ಅಂಟು ಪದಾರ್ಥವು ಕೂಡುತ್ತದೆ. ಆಗ ಪ್ರತಿಯೊಂದು ಉಸಿರಿಗೂ ಒರಟಾದ ಎರಡು ಪದರಗಳು ಒಂದನ್ನೊಂದು ತಿಕ್ಕುತ್ತವೆ. ಕೀಲೆಣ್ಣೆಯಿಲ್ಲದ ಅಚ್ಚಿನ ಮೇಲೆ ಗಾಲಿ ಉರುಳಿದಂತೆ ಆಗುತ್ತದೆ. ಪಶುವೈದ್ಯರು ಸ್ಟೆತಾಸ್ಕೋಪನ್ನು ಪಕ್ಕೆಗೆ ಇಟ್ಟು ಕೇಳಿದರೆ ಒಣ ಚರ್ಮವನ್ನು ಚರ್ಮಕ್ಕೆ ಉಜ್ಜಿದಂತಹ ಸದ್ದು ಕೇಳಬರುತ್ತದೆ. ಇದು ಬೇನೆಯ ಮೊದಲ ಹಂತ. ನೋವು ಅತಿಯಾಗಿರುವುದು ಇಲ್ಲಿಯೇ.

ಎರಡನೆಯ ಹಂತದಲ್ಲಿ ಉರಿತದಿಂದ ಕೂಡಿದ ಪೊರೆಯು ನೀರನ್ನು ಸುರಿಸುತ್ತದೆ. ಈ ನೀರು ಎರಡು ಪದರಗಳ ನಡುವೆ ಸೇರಿ ಅವುಗಳನ್ನು ದೂರಮಾಡುವುದರಿಂದ ತಿಕ್ಕಾಟವು ನಿಲ್ಲುತ್ತದೆ, ನೋವು ಅಡಗುತ್ತದೆ. ರಾಸು ಮೊದಲಿಗಿಂತ ನೆಮ್ಮದಿಯಾಗಿರುವಂತೆ ಕಾಣುತ್ತದೆ. ಆದರೆ ನೀರು ಏರಿದಂತೆಲ್ಲ ಶ್ವಾಸಕೋಶವು ಅದುಮಲ್ಪಟ್ಟು, ಗಾಳಿ ತುಂಬಿಕೊಳ್ಳಲು ಅದಕ್ಕೆ ಎಡೆಯಿಲ್ಲದಂತಾಗುತ್ತದೆ. ದೊಡ್ಡ ರಾಸುಗಳಲ್ಲಿ ಹೀಗೆ ಹಲವು ಲೀಟರುಗಳಷ್ಟು ನೀರು ಕೂಡುವುದುಂಟು. ಒಡೆಯನು ಮೋಸಹೋಗುವುದು ಈ ಹಂತದಲ್ಲಿಯೇ. ನರಳಾಟ ಕಡಮೆಯಾಗಿಯೂ ಉಸಿರಾಟ ಹೆಚ್ಚಾಗಿದ್ದರೆ ಬೇನೆಯು ಇಳಿದಿಲ್ಲ, ಏರಿದೆಯೆಂದು ತಿಳಿಯಬೇಕು.

ಮೂರನೆಯ ಹಂತದಲ್ಲಿ ಎರಡು ದಾರಿಗಳಿವೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ನೀರು ಕ್ರಮೇಣ ಇಂಗಿಹೋಗಿ ರಾಸು ಚೇತರಿಸಿಕೊಳ್ಳುತ್ತದೆ. ಹಾಗಾಗದಿದ್ದರೆ ನೀರು ಕೀವಾಗಿ ಮಾರ್ಪಡಬಹುದು. ಇಲ್ಲವೆ ಅಂಟು ಪದಾರ್ಥವು ಗಟ್ಟಿಯಾಗಿ ಶ್ವಾಸಕೋಶವು ಪಕ್ಕೆಗೆ ಕಚ್ಚಿಕೊಳ್ಳಬಹುದು. ಹೀಗೆ ಕಚ್ಚಿಕೊಂಡ ರಾಸು ಬದುಕಿದರೂ ಬಾಳಿಕೆಯಲ್ಲಿ ಕುಗ್ಗುತ್ತದೆ. ನಾಲ್ಕು ಸಾಲು ಹೂಡುವುದರೊಳಗಾಗಿ ಏದುವ ಎತ್ತೂ, ಮೇವಿದ್ದರೂ ಮೈಹತ್ತದ ಹಸುವೂ ಕೆಲವು ವೇಳೆ ಹಿಂದೆ ಈ ಬೇನೆಗೆ ಗುರಿಯಾಗಿದ್ದವುಗಳಾಗಿರುತ್ತವೆ.

ಬೇನೆ ಬರುವ ಬಗೆಗಳು

ಈ ಉರಿಯೂತವು ತಾನೊಂದೇ ಬರುವುದು ಅಪರೂಪ. ಸಾಮಾನ್ಯವಾಗಿ ಅದು ಶ್ವಾಸಕೋಶದ ಬೇನೆಯಾದ ನ್ಯುಮೋನಿಯವನ್ನು ಹಿಂಬಾಲಿಸಿ ಬರುತ್ತದೆ. ನ್ಯುಮೋನಿಯವನ್ನು ಉಂಟುಮಾಡುವ ಪಾಶ್ಚುರೆಲ್ಲ, ಮ್ಯಾನ್‌ಹೈಮಿಯ ಮೊದಲಾದ ಸೂಕ್ಷ್ಮಜೀವಿಗಳು ಆರೋಗ್ಯವಾಗಿರುವ ರಾಸುಗಳ ಮೂಗುಗಂಟಲುಗಳಲ್ಲಿಯೂ ವಾಸಮಾಡುತ್ತಿರುವುದುಂಟು. ಮೈಯಲ್ಲಿ ಶಕ್ತಿಯಿರುವವರೆಗೆ ಅವುಗಳಿಂದ ಕೇಡಾಗುವುದಿಲ್ಲ. ಅತಿ ದಣಿವು, ಉಪವಾಸ, ಮಳೆಯಲ್ಲಿ ನೆನೆಯುವುದು, ಬೇರೆ ರೋಗದಿಂದ ಸೊರಗುವುದು ಇತ್ಯಾದಿ ಕಾರಣಗಳಿಂದ ರಾಸಿನ ಶಕ್ತಿ ಕುಂದಿದಾಗ ಅವು ಶ್ವಾಸಕೋಶಕ್ಕಿಳಿದು ವೃದ್ಧಿಯಾಗುತ್ತವೆ. ಬರಿಯ ಚಳಿಗಾಳಿಯಿಂದಲೇ ಬೇನೆಯು ಹುಟ್ಟುವುದೆಂಬ ನಂಬಿಕೆಯು ಪೂರ್ತಿ ಸರಿಯಲ್ಲ. ಚಳಿಯು ಬಾಗಿಲನ್ನು ತೆರೆಯುತ್ತದೆ, ಒಳಗೆ ನುಗ್ಗುವುದು ಸೂಕ್ಷ್ಮಜೀವಿ.

ದೂರದ ಪ್ರಯಾಣವು ಇಂತಹ ಕಾರಣಗಳಲ್ಲಿ ಒಂದು. ಘಾಟಿ ಸುಬ್ರಹ್ಮಣ್ಯ ಮೊದಲಾದ ದನಗಳ ಜಾತ್ರೆಗಳಿಂದ ಲಾರಿಗಳಲ್ಲಿ ಇಕ್ಕಟ್ಟಾಗಿ ನಿಂತು, ನೀರು ಮೇವುಗಳಿಲ್ಲದೆ, ರಾತ್ರಿಯ ಗಾಳಿಗೆ ಮೈಯೊಡ್ಡಿ ಬಂದ ರಾಸುಗಳಿಗೆ ಊರು ಸೇರಿದ ಕೆಲವು ದಿನಗಳಲ್ಲಿಯೇ ಜ್ವರವೂ ಕೆಮ್ಮೂ ಬರುವುದುಂಟು. ಹಗ್ಗವನ್ನು ಬಿಗಿಯಾಗಿ ಎಳೆದು ತಲೆಯನ್ನು ಎತ್ತರಕ್ಕೆ ಕಟ್ಟಿದರೆ ತೊಂದರೆಯು ಮತ್ತಷ್ಟು ಹೆಚ್ಚುತ್ತದೆ. ಮುಖ್ಯವಾಗಿ ಕುದುರೆಗಳಲ್ಲಿ ಇದು ಚೆನ್ನಾಗಿ ಕಂಡುಬಂದಿದೆ. ತಲೆಯನ್ನು ತಗ್ಗಿಸಲು ಅವಕಾಶವಿಲ್ಲದಿದ್ದರೆ ಶ್ವಾಸನಾಳದ ಲೋಳೆಯು ಹೊರಬೀಳದೆ ಒಳಕ್ಕೇ ಇಳಿಯುತ್ತದೆ.

ಎರಡನೆಯ ಬಗೆಯು ಮನುಷ್ಯನ ಕೈಯಿಂದಲೇ ಆಗುವಂತಹುದು. ಗೊಟ್ಟದಿಂದ ಕಷಾಯವನ್ನೋ ಎಣ್ಣೆಯನ್ನೋ ಕುಡಿಸುವಾಗ ರಾಸಿನ ಮೂತಿಯನ್ನು ಆಕಾಶಕ್ಕೆ ಎತ್ತಿ, ನಾಲಗೆಯನ್ನು ಹೊರಕ್ಕೆಳೆದು ಹಿಡಿದು, ಒಂದೇ ಸಲಕ್ಕೆ ಸುರಿಯುವ ವಾಡಿಕೆ ಹಲವು ಕಡೆ ಇದೆ. ನಾಲಗೆಯನ್ನು ಹಿಡಿದರೆ ರಾಸಿಗೆ ನುಂಗಲಾಗುವುದಿಲ್ಲ; ದ್ರವವು ಅನ್ನನಾಳಕ್ಕೆ ಬದಲಾಗಿ ಶ್ವಾಸನಾಳಕ್ಕೆ ಹರಿಯುತ್ತದೆ. ಹೀಗೆ ಶ್ವಾಸಕೋಶಕ್ಕೆ ಇಳಿದ ಔಷಧವು ಅಲ್ಲಿ ಕೊಳೆಯಿಸಿ, ನ್ಯುಮೋನಿಯವನ್ನೂ ಪೊರೆಯ ಉರಿಯೂತವನ್ನೂ ತರುತ್ತದೆ. ಎಣ್ಣೆಯಂತೂ ಬಹಳ ಕೇಡು. ಹೊಟ್ಟೆಯುಬ್ಬರಕ್ಕೆಂದು ಎಣ್ಣೆ ಕುಡಿಸಿದ ಎತ್ತು ಉಬ್ಬರದಿಂದ ಪಾರಾಗಿ, ಕೆಲವು ದಿನಗಳ ಮೇಲೆ ಎದೆಯ ಬೇನೆಯಿಂದ ಸತ್ತರೆ, ಆ ಸಾವಿನ ಕಾರಣವನ್ನು ಗೊಟ್ಟದಲ್ಲಿಯೇ ಹುಡುಕಬೇಕು.

ಮೂರನೆಯದು ತಂತಿ, ಮೊಳೆ, ಸೂಜಿಗಳಿಂದ ಆಗುವ ಗಾಯ. ದನವು ಕುರಿಯಂತೆ ತುಟಿಯಿಂದ ಮೇವನ್ನು ಆರಿಸಿ ತಿನ್ನುವುದಿಲ್ಲ. ನಾಲಗೆಯಿಂದ ಬಾಚಿ ನುಂಗುತ್ತದೆ. ಮೇವಿನೊಂದಿಗೆ ಹೋದ ಮೊನಚು ಕಬ್ಬಿಣವು ಜೇನುಗೂಡಿನ ಕಣ್ಣುಗಳಂತಹ ಒಳಮೈಯುಳ್ಳ ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತದೆ. ಈ ಹೊಟ್ಟೆಗೂ ಎದೆಗೂ ನಡುವೆ ವಪೆಯೊಂದೇ ಅಡ್ಡ. ಗಬ್ಬದ ಭಾರದಿಂದಲೋ ಈಯುವಾಗಿನ ಮುಕ್ಕುವಿಕೆಯಿಂದಲೋ ತಂತಿಯು ಮುಂದಕ್ಕೆ ಒತ್ತಲ್ಪಟ್ಟರೆ ವಪೆಯನ್ನು ತೂರಿ ಹೃದಯದ ಹೊರಚೀಲವನ್ನೋ ಶ್ವಾಸಕೋಶದ ಪೊರೆಯನ್ನೋ ಚುಚ್ಚುತ್ತದೆ. ಮನೆ ಕಟ್ಟುವ ಸ್ಥಳದಲ್ಲಿ ಚೆಲ್ಲಿದ ಕಟ್ಟುತಂತಿಯ ತುಂಡುಗಳು ಮೇವಿನ ಬಣವೆಯ ಬಳಿಗೆ ಸೇರುವುದು ಇಂದಿನ ಹಳ್ಳಿಗಳಲ್ಲಿ ಸಾಮಾನ್ಯವಾಗಿರುವುದರಿಂದ ಈ ವಿಷಯದಲ್ಲಿ ಹೆಚ್ಚಿನ ಎಚ್ಚರ ಅಗತ್ಯ.

ನಾಲ್ಕನೆಯದು ಅಂಟುರೋಗಗಳ ಮೂಲಕ ಬರುವುದು. ದನ ಎಮ್ಮೆಗಳ ಗಳಲೆ ರೋಗದಲ್ಲಿಯೂ, ಆಡು ಕುರಿಗಳ ಹಿರಿಬೇನೆಯನ್ನು ಹಿಂಬಾಲಿಸುವ ನ್ಯುಮೋನಿಯದಲ್ಲಿಯೂ ಎದೆಯ ಪೊರೆಗೆ ಉರಿಯೂತವು ತಗಲುವುದುಂಟು. ದನಗಳ ಕ್ಷಯರೋಗದಲ್ಲಿ ಈ ಪೊರೆಯ ಮೇಲೆ ಮುತ್ತಿನ ಮಣಿಗಳಂತಹ ಗಂಟುಗಳು ಏಳುತ್ತವೆ. ಕ್ಷಯದ ಹಸುವಿನ ಹಸಿಹಾಲಿನಿಂದ ಮನುಷ್ಯರಿಗೂ ರೋಗ ಹರಡಬಹುದಾದುದರಿಂದ ಹಾಲನ್ನು ಕಾಯಿಸದೆ ಕುಡಿಯಕೂಡದು.

ಲಕ್ಷಣಗಳು

ಬೇನೆ ಬಿದ್ದ ರಾಸು ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ಗುಂಪಿನಿಂದ ಬೇರೆಯಾಗಿ ನಿಲ್ಲುತ್ತದೆ. ಎತ್ತು ಹಸುಗಳ ಮೈಶಾಖವು ಸಾಮಾನ್ಯವಾಗಿ 101.5 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿನಲ್ಲಿರುವುದು. ಈ ಬೇನೆಯಲ್ಲಿ ಅದು 104 ಡಿಗ್ರಿಗೂ ಅದಕ್ಕೆ ಮೇಲಕ್ಕೂ ಏರಬಹುದು. ಆದರೆ ಜ್ವರಕ್ಕಿಂತ ಹೆಚ್ಚಾಗಿ ಬೇನೆಯನ್ನು ತೋರಿಸಿಕೊಡುವುದು ರಾಸಿನ ನಿಲುವು. ಅದು ಮುಂಗಾಲುಗಳ ಮೊಣಕೈಗಳನ್ನು ಪಕ್ಕೆಯಿಂದ ಹೊರಕ್ಕೆ ಸರಿಸಿ, ಕತ್ತನ್ನು ಮುಂದಕ್ಕೆ ಚಾಚಿ ನಿಲ್ಲುತ್ತದೆ. ಮಲಗಲು ಹಿಂಜರಿಯುತ್ತದೆ. ತಿರುಗಿಸಿದರೆ ಮರದ ಹಲಗೆಯಂತೆ ಇಡೀ ಮೈಯನ್ನು ಒಟ್ಟಿಗೆ ತಿರುಗಿಸುತ್ತದೆ. ಪಕ್ಕೆಲುಬುಗಳ ನಡುವೆ ಬೆರಳಿನಿಂದ ಒತ್ತಿದರೆ ಬೆಚ್ಚಿ ಸರಿದು ಮುಲುಗುತ್ತದೆ.

ಉಸಿರಾಟವನ್ನು ಗಮನವಿಟ್ಟು ನೋಡಬೇಕು. ನೋವಿನ ಭಯದಿಂದ ರಾಸು ಪಕ್ಕೆಗಳನ್ನು ಆಡಿಸದೆ ಹೊಟ್ಟೆಯಿಂದ ಉಸಿರಾಡುತ್ತದೆ. ಆಗ ಪಕ್ಕೆಲುಬುಗಳ ಕೆಳತುದಿಯ ಉದ್ದಕ್ಕೂ, ಮೊಣಕೈಯಿಂದ ಹಿಂದೊಡೆಯ ಕಡೆಗೆ, ಒಂದು ದಿಣ್ಣೆಯ ಗೆರೆಯು ಎದ್ದು ಕಾಣುತ್ತದೆ. ಕೆಮ್ಮು ಚಿಕ್ಕದಾಗಿ ತಡೆದು ತಡೆದು ಬರುತ್ತದೆ; ಪೂರ್ತಿ ಕೆಮ್ಮಲು ರಾಸಿಗೆ ಧೈರ್ಯವಿರುವುದಿಲ್ಲ. ತಂಪು ಹೊತ್ತಿನಲ್ಲಿ, ದಣಿವಿಲ್ಲದೆ ನಿಂತಿರುವ ದೊಡ್ಡ ದನವು ಒಂದು ನಿಮಿಷಕ್ಕೆ ಸುಮಾರು 10ರಿಂದ 30 ಸಲ ಉಸಿರಾಡುವುದು. ಅಳ್ಳೆಯ ಏರಿಳಿತವನ್ನು ಗಡಿಯಾರ ನೋಡಿ ಎಣಿಸಿ, ಬೆಳಗ್ಗೆ ಸಂಜೆ ಬರೆದಿಟ್ಟರೆ, ಬೇನೆಯು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಓದುಬರಹ ಬಲ್ಲ ಯಾವ ರೈತನಿಗಾದರೂ ತಿಳಿಯುವುದು. ನೋವಿನ ನರಳಾಟ ನಿಂತರೂ ಈ ಎಣಿಕೆ ಇಳಿಯದಿದ್ದರೆ, ಎದೆಯಲ್ಲಿ ನೀರು ತುಂಬುತ್ತಿದೆಯೆಂಬ ಶಂಕೆಯಿಂದ ಕೂಡಲೆ ವೈದ್ಯರನ್ನು ಕರೆಯಿಸಬೇಕು.

ಈ ಬೇನೆಯನ್ನು ಹೊಟ್ಟೆಶೂಲೆಯೆಂದು ತಪ್ಪು ತಿಳಿಯುವುದುಂಟು. ಶೂಲೆಯಲ್ಲಿ ರಾಸು ಹೊಟ್ಟೆಗೆ ಒದ್ದುಕೊಳ್ಳುತ್ತದೆ, ಬಿದ್ದು ಏಳುತ್ತದೆ. ಎದೆಯ ಬೇನೆಯಲ್ಲಿ ಅಲುಗಾಡದೆ ನಿಲ್ಲುತ್ತದೆ. ತಂತಿ ಚುಚ್ಚಿದ ರಾಸು ಇಳಿಜಾರಿನಲ್ಲಿ ನಡೆಯಲು ಒಪ್ಪುವುದಿಲ್ಲ. ಹೃದಯದ ಚೀಲಕ್ಕೆ ಗಾಯವಾಗಿದ್ದರೆ ಕತ್ತಿನ ರಕ್ತನಾಳವು ಹಗ್ಗದಂತೆ ಉಬ್ಬಿ, ಎದೆಯ ಮುಂಭಾಗದ ಗಂಗೆದೊಗಲಿನಲ್ಲಿ ಬಾವು ಇಳಿಯುತ್ತದೆ. ಗಂಟಲಿನಲ್ಲಿ ಬಾವು ಬಂದು, ಬಾಯಿಂದ ಜೊಲ್ಲು ಸುರಿದು, ಉಸಿರು ಗೊರಗೊರನೆ ಸದ್ದು ಮಾಡಿದರೆ ಅದು ಗಳಲೆ ರೋಗವಾಗಿರಬಹುದು. ಆ ರೋಗದಲ್ಲಿ ಒಂದು ದಿನದೊಳಗಾಗಿಯೇ ರಾಸು ಸಾಯಬಹುದಾದುದರಿಂದ ಅರ್ಧ ದಿನದ ವಿಳಂಬವೂ ಸಲ್ಲದು.

ಒಡೆಯನು ಮಾಡತಕ್ಕದ್ದು

ಮೊದಲನೆಯದಾಗಿ ಕೆಲಸವನ್ನು ನಿಲ್ಲಿಸಿ, ರಾಸನ್ನು ಬೇರೆ ರಾಸುಗಳಿಂದ ಪ್ರತ್ಯೇಕವಾಗಿ ಕಟ್ಟಬೇಕು. ಅದಕ್ಕೆ ಬೇರೆ ನೀರಿನ ತೊಟ್ಟಿ, ಬೇರೆ ಗೋದಲಿ ಇರಬೇಕು. ಕಟ್ಟುವ ಸ್ಥಳವು ಒಣಗಿದ್ದು, ಗಾಳಿ ಚೆನ್ನಾಗಿ ಆಡುವಂತಹುದಾಗಿರಬೇಕು. ಮಳೆಯ ಎರಚಲೂ ನೇರವಾದ ಚಳಿಗಾಳಿಯೂ ಮೈಗೆ ತಗುಲಬಾರದು. ಮೈಗೆ ಗೋಣಿತಾಟನ್ನು ಹೊದಿಸಬಹುದು. ಬೇನೆಯವರೆಗೂ ಮೈ ತೊಳೆಯುವುದನ್ನು ಬಿಡಬೇಕು. ಎಳೆಯ ಹಸಿಹುಲ್ಲು, ತೆಳುವಾದ ರಾಗಿಗಂಜಿ, ಉಗುರುಬೆಚ್ಚಗಿನ ನೀರು ಇವುಗಳನ್ನು ಎದುರಿಗಿಟ್ಟು ರಾಸು ತಾನಾಗಿ ಕುಡಿಯಲೂ ತಿನ್ನಲೂ ಬಿಡಬೇಕು, ಬಲವಂತ ಮಾಡಬಾರದು.

ಎರಡನೆಯದಾಗಿ ಅದೇ ದಿನ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಬೇಕು. ಆಸ್ಪತ್ರೆಯು ದೂರವಾಗಿದ್ದರೆ 1962 ಎಂಬ ಸಂಖ್ಯೆಗೆ ದೂರವಾಣಿಯ ಮೂಲಕ ತಿಳಿಸಿ ಸಂಚಾರಿ ಪಶುಚಿಕಿತ್ಸಾ ವಾಹನದ ನೆರವನ್ನು ಕೋರಬಹುದು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಂಟಿಬಯೋಟಿಕ್ ಔಷಧಗಳು ಬೇನೆಯ ಮೊದಲ ದಿನಗಳಲ್ಲಿ ಚೆನ್ನಾಗಿ ಫಲಿಸುತ್ತವೆ. ಕೀವು ಕಟ್ಟಿದ ಮೇಲೆ, ಶ್ವಾಸಕೋಶವು ಪಕ್ಕೆಗೆ ಕಚ್ಚಿದ ಮೇಲೆ, ಅದೇ ಔಷಧದಿಂದ ಅಷ್ಟು ಪ್ರಯೋಜನವಿಲ್ಲ. ಎದೆಯಲ್ಲಿ ನೀರು ಹೆಚ್ಚಾಗಿದ್ದರೆ ವೈದ್ಯರು ಪಕ್ಕೆಲುಬುಗಳ ನಡುವೆ ಸೂಜಿಯನ್ನು ಹಾಕಿ ಅದನ್ನು ತೆಗೆಯುವರು. ವೈದ್ಯರು ಇಂತಿಷ್ಟು ದಿನ ಚುಚ್ಚುಮದ್ದು ಆಗಬೇಕೆಂದರೆ ಅಷ್ಟು ದಿನವೂ ಆಗಬೇಕು. ಎರಡು ದಿನದಲ್ಲಿ ಜ್ವರವಿಳಿಯಿತೆಂದು ಮೂರನೆಯ ದಿನ ನಿಲ್ಲಿಸಿದರೆ ಉಳಿದ ಸೂಕ್ಷ್ಮಜೀವಿಗಳು ಮತ್ತೆ ತಲೆಯೆತ್ತುತ್ತವೆ. ಔಷಧ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಮನೆಗೂ ಡೇರಿಗೂ ಉಪಯೋಗಿಸಬಾರದು.

ಮೂರನೆಯದಾಗಿ ವಿಶ್ರಾಂತಿ. ಜ್ವರವಿಳಿದು, ಉಸಿರಿನ ಎಣಿಕೆ ಮೊದಲಿನಂತಾದ ದಿನದಿಂದ ಲೆಕ್ಕಹಾಕಿ ಕನಿಷ್ಠಪಕ್ಷ ಮೂರು ನಾಲ್ಕು ವಾರವಾದರೂ ಎತ್ತಿಗೆ ನೊಗವನ್ನು ಕೊಡಬಾರದು. ಆಮೇಲೆ ವೈದ್ಯರ ಒಪ್ಪಿಗೆ ಪಡೆದು, ಮೊದಲು ನಡೆಯಿಸಿ, ಬಳಿಕ ಬರಿಯ ಬಂಡಿಗೆ ಹೂಡಿ, ಕಡೆಗೆ ನೇಗಿಲಿಗೆ ತರಬೇಕು. ಬಿತ್ತನೆಯ ಅವಸರದಲ್ಲಿ ಇದು ಕಷ್ಟವೆಂಬುದು ನಿಜ. ಆದರೆ ನೆರೆಯವರಿಂದ ಮುಯ್ಯಾಳಿನ ಕ್ರಮದಲ್ಲಿ ಒಂದು ಎತ್ತನ್ನು ಎರವಲು ತಂದು ಆ ಹಂಗಾಮನ್ನು ಸಾಗಿಸುವುದು, ಅರೆವಾಸಿಯಾದ ಎತ್ತನ್ನು ಸಾಲಿನಲ್ಲಿ ಕೆಡೆಯಿಸಿ ಹೊಸ ಎತ್ತಿಗಾಗಿ ಸಾಲ ಮಾಡುವುದಕ್ಕಿಂತ ಲೇಸು.

ಮಾಡಬಾರದ ಕೆಲಸಗಳು

ಪಕ್ಕೆಯ ಮೇಲೆ ಕಾದ ಕಬ್ಬಿಣದಿಂದ ಬರೆಹಾಕುವುದು ಈ ಬೇನೆಗೆ ಹಳೆಯ ಚಿಕಿತ್ಸೆ. ಇದು ನಮ್ಮ ಹಳ್ಳಿಗಳಲ್ಲಿ ಮಾತ್ರ ಇದ್ದುದಲ್ಲ. 19ನೆಯ ಶತಮಾನದಲ್ಲಿ ಯೂರೋಪಿನ ಪಶುವೈದ್ಯರೂ ಸಾಸುವೆಯ ಲೇಪದಿಂದ ಎದೆಯ ಮೇಲೆ ಬೊಕ್ಕೆಗಳನ್ನೆಬ್ಬಿಸುತ್ತಿದ್ದರು. ಹೊರಗೆ ಉರಿಯನ್ನುಂಟುಮಾಡಿದರೆ ಒಳಗಿನ ಉರಿ ತಗ್ಗುವುದೆಂಬುದು ಆಗಿನ ಭಾವನೆ. ಈಗ ಅದು ನಿಂತುಹೋಗಿರುವುದಕ್ಕೆ ಕಾರಣವಿದೆ. ಬರೆಯು ಚರ್ಮವನ್ನು ಸುಡುವುದೇ ಹೊರತು ಎದೆಯೊಳಗಿನ ಸೂಕ್ಷ್ಮಜೀವಿಯನ್ನು ಮುಟ್ಟುವುದಿಲ್ಲ. ಬರೆಹಾಕಿದ ಎರಡು ಮೂರು ದಿನಗಳಲ್ಲಿ ರಾಸಿನ ನರಳಾಟ ನಿಂತರೆ ಅದು ಬರೆಯ ಗುಣವಲ್ಲ; ಪದರಗಳ ನಡುವೆ ನೀರು ಕೂಡಿ ತಿಕ್ಕಾಟ ನಿಂತುದರ ಫಲ. ಬರೆಗೆ ಬಂದ ಕೀರ್ತಿಯೆಲ್ಲವೂ ಹೀಗೆ ಬಂದುದು. ಅಷ್ಟರಲ್ಲಿ ಔಷಧವು ಫಲಿಸಬಹುದಾಗಿದ್ದ ದಿನಗಳು ಕಳೆದುಹೋಗಿರುತ್ತವೆ. ಸುಟ್ಟ ಗಾಯಕ್ಕೆ ನೊಣಗಳು ಮುತ್ತಿ ಹುಳು ಬೀಳುವುದು ಬೇರೆ.

ಉಸಿರಾಟದ ಬೇನೆಯುಳ್ಳ ರಾಸಿಗೆ ಗೊಟ್ಟವನ್ನು ಹಾಕಲೇಬಾರದು. ಉಸಿರಿಗಾಗಿ ಹವಣಿಸುವ ಪ್ರಾಣಿಯು ನುಂಗುವುದಕ್ಕೆ ಬದಲಾಗಿ ಒಳಕ್ಕೆಳೆದುಕೊಳ್ಳುತ್ತದೆ. ಬೇರೆ ಬೇನೆಗಳಲ್ಲಿ ಗೊಟ್ಟವು ಅನಿವಾರ್ಯವಾದಾಗ ಮೂತಿಯನ್ನು ಬೆನ್ನಿನ ಮಟ್ಟಕ್ಕಿಂತ ಮೇಲಕ್ಕೆ ಎತ್ತದೆ, ನಾಲಗೆಯನ್ನು ಹಿಡಿಯದೆ, ಸ್ವಲ್ಪ ಸ್ವಲ್ಪವಾಗಿ ಸುರಿದು, ಪ್ರತಿ ಸಲವೂ ನುಂಗಿದುದನ್ನು ನೋಡಿ ಮುಂದುವರಿಯಬೇಕು. ಕೆಮ್ಮಿದರೆ ಕೂಡಲೆ ತಲೆಯನ್ನು ಬಿಟ್ಟುಬಿಡಬೇಕು. ಈದ ಮೇಲೆ ನೆಲಹಿಡಿದು ಮಲಗಿ ಕತ್ತು ತಿರುವಿಕೊಂಡಿರುವ ಹಸುವಿಗೆ ನುಂಗುವ ಶಕ್ತಿಯೇ ಇರುವುದಿಲ್ಲವಾದುದರಿಂದ ಅದರ ಬಾಯಿಗೆ ಏನನ್ನೂ ಸುರಿಯಕೂಡದು.

ನೋವಿಗೆಂದು ಮನುಷ್ಯರ ಔಷಧದಂಗಡಿಯಿಂದ ಡೈಕ್ಲೋಫಿನಾಕ್ ಎಂಬ ಮದ್ದನ್ನು ತಂದು ರಾಸಿಗೆ ಚುಚ್ಚಿಸುವುದೂ ತಪ್ಪು. ಈ ಮದ್ದನ್ನು ಪಡೆದು ಸತ್ತ ದನದ ಮಾಂಸವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುವುದು ಸಿದ್ಧಪಟ್ಟಿದೆ. ಆ ಕಾರಣದಿಂದ ಭಾರತ ಸರ್ಕಾರವು 2006ರಲ್ಲಿ ಜಾನುವಾರುಗಳಿಗೆ ಇದರ ಬಳಕೆಯನ್ನು ನಿಷೇಧಿಸಿತು. ಮೆಲಾಕ್ಸಿಕಾಮ್ ಎಂಬ ಮದ್ದು ರಣಹದ್ದುಗಳಿಗೆ ಅಪಾಯವಿಲ್ಲದೆ ಅದೇ ಕೆಲಸವನ್ನು ಮಾಡುತ್ತದೆ. ಅಲ್ಲದೆ, ವೈದ್ಯರು ನೋಡುವುದಕ್ಕೆ ಮುಂಚೆಯೇ ನೋವನ್ನು ಅಡಗಿಸಿಬಿಟ್ಟರೆ ಬೇನೆಯ ಗುರುತೇ ಮರೆಯಾಗುತ್ತದೆಂಬುದನ್ನೂ ನೆನಪಿನಲ್ಲಿಡಬೇಕು.

ಅಂಟುಜಾಡ್ಯದ ಪಾಠ

ಈ ಬೇನೆಯ ಅತಿ ಭಯಂಕರವಾದ ರೂಪವು ದನಗಳ ಅಂಟು ಪ್ಲೂರೋನ್ಯುಮೋನಿಯವೆಂಬ ಜಾಡ್ಯ. ಇದು ಶ್ವಾಸಕೋಶವನ್ನೂ ಅದರ ಹೊರಪೊರೆಯನ್ನೂ ಒಟ್ಟಿಗೆ ಹಿಡಿಯುತ್ತದೆ. ಕೆಮ್ಮಿನ ತುಂತುರುಗಳ ಮೂಲಕ ಒಂದು ದನದಿಂದ ಹತ್ತಿರದ ಇನ್ನೊಂದು ದನಕ್ಕೆ ಹರಡುತ್ತದೆ. ಸತ್ತ ದನದ ಶ್ವಾಸಕೋಶವನ್ನು ಕತ್ತರಿಸಿ ನೋಡಿದರೆ ಅಮೃತಶಿಲೆಯಂತೆ ಬಣ್ಣಬಣ್ಣದ ಗೆರೆಗಳು ಕಾಣುತ್ತವೆ. ಬೆಲ್ಜಿಯಮಿನ ಹಾಸೆಲ್ಟ್ ಊರಿನ ವೈದ್ಯ ಲೂಯಿ ವಿಲ್ಲೆಮ್ಸನು 1852ರಲ್ಲಿ, ರೋಗಿ ದನದ ಶ್ವಾಸಕೋಶದ ರಸವನ್ನು ಆರೋಗ್ಯವಂತ ದನದ ಬಾಲದ ತುದಿಗೆ ಸೇರಿಸಿ ರಕ್ಷಣೆ ಕೊಡುವ ಕ್ರಮವನ್ನು ಪ್ರಕಟಿಸಿದನು. ಕೆಲವು ದನಗಳು ಬಾಲವನ್ನು ಕಳೆದುಕೊಂಡರೂ ಅನೇಕವು ಪ್ರಾಣವನ್ನು ಉಳಿಸಿಕೊಂಡವು. 1898ರಲ್ಲಿ ಫ್ರಾನ್ಸಿನ ನೊಕಾರ್ ಮತ್ತು ರೂ ಎಂಬ ವಿಜ್ಞಾನಿಗಳು ಇದರ ಸೂಕ್ಷ್ಮಜೀವಿಯನ್ನು ಬೆಳೆಸಿ ತೋರಿಸಿದರು. ಮೈಕೋಪ್ಲಾಸ್ಮಗಳೆಂಬ ಗುಂಪಿನಲ್ಲಿ ಮೊತ್ತಮೊದಲು ಪತ್ತೆಯಾದುದು ಇದೇ.

ಈ ಜಾಡ್ಯವು ದೇಶದಿಂದ ದೇಶಕ್ಕೆ ಹೋದ ರೀತಿಯು ಬೋಧಪ್ರದವಾಗಿದೆ. 1843ರಲ್ಲಿ ಹಡಗಿನಿಂದ ಇಳಿದ ಒಂದು ಹಸುವನ್ನು ನ್ಯೂಯಾರ್ಕಿನ ಬಳಿಯ ಬ್ರೂಕ್ಲಿನ್ನಿನ ಹಾಲಿನ ವ್ಯಾಪಾರಿಯೊಬ್ಬನು ಕೊಂಡನು. ಆ ಒಂದು ಹಸುವಿನ ಮೂಲಕ ಹೊಕ್ಕ ರೋಗವನ್ನು ಅಮೆರಿಕವು ಹೊರಗಟ್ಟಿದುದು 1892ರಲ್ಲಿ. ಅದಕ್ಕಾಗಿ 1884ರಲ್ಲಿ ಒಂದು ಪ್ರತ್ಯೇಕ ಇಲಾಖೆಯನ್ನೇ ಸ್ಥಾಪಿಸಬೇಕಾಯಿತು. ಆಸ್ಟ್ರೇಲಿಯವನ್ನು ಈ ಜಾಡ್ಯವು 1858ರಲ್ಲಿ ಹೊಕ್ಕಿತು. ಆ ದೇಶವು ತಾನು ಮುಕ್ತವಾಯಿತೆಂದು ಸಾರಿದುದು 1973ರಲ್ಲಿ, ಅಂದರೆ 115 ವರ್ಷಗಳ ಮೇಲೆ. ಇಷ್ಟು ಕಾಲ ಹಿಡಿದುದಕ್ಕೆ ಮುಖ್ಯ ಕಾರಣವು ಮೇಲೆ ಹೇಳಿದ ಮೋಸವೇ. ಬೇನೆಯಿಂದ ಬದುಕಿದ ದನವು ಮೈತುಂಬಿಕೊಂಡು ಆರೋಗ್ಯವಾಗಿ ಕಾಣುತ್ತದೆ. ಆದರೆ ಅದರ ಶ್ವಾಸಕೋಶದಲ್ಲಿ ಗೂಡುಕಟ್ಟಿದ ಭಾಗದಲ್ಲಿ ಸೂಕ್ಷ್ಮಜೀವಿಗಳು ತಿಂಗಳುಗಟ್ಟಲೆ ಜೀವದಿಂದಿರುತ್ತವೆ. ಹಾಗೆ ಕಾಣುವ ದನವನ್ನು ಕೊಂಡು ಹಟ್ಟಿಗೆ ಸೇರಿಸಿದವನು ರೋಗವನ್ನೂ ಕೊಂಡಂತಾಯಿತು.

ಭಾರತದಲ್ಲಿ ಹಿಂದೆ ಅಸ್ಸಾಮಿನಲ್ಲಿದ್ದ ಈ ಜಾಡ್ಯವು ನಿರ್ಮೂಲವಾಗಿ, 2007ರಲ್ಲಿ ಅಂತರರಾಷ್ಟ್ರೀಯ ಪಶು ಆರೋಗ್ಯ ಸಂಸ್ಥೆಯು ನಮ್ಮ ದೇಶವನ್ನು ಇದರಿಂದ ಮುಕ್ತವೆಂದು ಮಾನ್ಯಮಾಡಿತು. ಆಫ್ರಿಕ ಖಂಡದ ಹಲವು ದೇಶಗಳಲ್ಲಿ ಅದು ಇನ್ನೂ ಉಂಟು. ಆದುದರಿಂದ ನಮ್ಮ ರೈತರು ಈ ಹೆಸರಿನಿಂದ ಹೆದರಬೇಕಾಗಿಲ್ಲ. ಆದರೆ ಅದು ಕಲಿಸಿದ ಪಾಠವನ್ನು ಮರೆಯಲಾಗದು. ಹೊಸದಾಗಿ ಕೊಂಡ ರಾಸು ಎಷ್ಟೇ ಲಕ್ಷಣವಾಗಿದ್ದರೂ ಅದನ್ನು ಮೂರು ನಾಲ್ಕು ವಾರ ಬೇರೆ ಕಟ್ಟಿ ನೋಡಿದ ಹೊರತು ಮನೆಯ ರಾಸುಗಳೊಂದಿಗೆ ಸೇರಿಸಬಾರದು. ಕುರಿ ಹಿಂಡಿನವರಿಗೂ ಈ ಮಾತು ಸಲ್ಲುವುದು. ಸಂತೆಯಿಂದ ತಂದ ಒಂದು ಮರಿಯಿಂದ ಹಿಂಡೇ ಹಾಳಾಗಬಹುದು.

ಊರಿನ ಮುಖಂಡರ ಹೊಣೆ

ಒಂದು ಮನೆಯಲ್ಲಿ ಒಂದು ಎತ್ತು ಬೇನೆ ಬಿದ್ದರೆ ಅದು ಆ ಮನೆಯ ಸಂಗತಿ. ಒಂದೇ ವಾರದಲ್ಲಿ ಮೂರು ನಾಲ್ಕು ಹಟ್ಟಿಗಳಲ್ಲಿ ಜ್ವರ, ಕೆಮ್ಮು, ಏದುಸಿರು ಕಂಡರೆ ಅದು ಊರಿನ ಸಂಗತಿ. 2009ರಲ್ಲಿ ಜಾರಿಗೆ ಬಂದ, ಪ್ರಾಣಿಗಳ ಸೋಂಕುರೋಗಗಳನ್ನು ತಡೆಯುವ ಕೇಂದ್ರ ಕಾಯಿದೆಯ ಪ್ರಕಾರ, ಪಟ್ಟಿಮಾಡಿದ ರೋಗಗಳಲ್ಲೊಂದು ತನ್ನ ರಾಸಿಗೆ ಬಂದಿದೆಯೆಂದು ಶಂಕಿಸುವ ಒಡೆಯನು ಅದನ್ನು ಗ್ರಾಮದ ಅಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಬೇಕು. ಅವರು ಸಮೀಪದ ಪಶುವೈದ್ಯರಿಗೆ ಬರೆದು ತಿಳಿಸುವರು. ರೋಗಿ ರಾಸನ್ನು ಬೇರ್ಪಡಿಸಿಡುವುದೂ ಒಡೆಯನ ಕರ್ತವ್ಯವೆಂದು ಅದೇ ಕಾಯಿದೆಯು ಹೇಳುತ್ತದೆ. ದಂಡ ಬೀಳುವುದೆಂದೋ, ಹಾಲು ಮಾರಾಟವಾಗುವುದಿಲ್ಲವೆಂದೋ ಹೆದರಿ ಸುದ್ದಿಯನ್ನು ಮುಚ್ಚಿಡುವ ಪ್ರವೃತ್ತಿಯನ್ನು ಮುಖಂಡರು ತಮ್ಮ ಮಾತಿನಿಂದಲೂ ಮೇಲ್ಪಂಕ್ತಿಯಿಂದಲೂ ಹೋಗಲಾಡಿಸಬೇಕು. ಮುಖಂಡನ ಹಟ್ಟಿಯ ರಾಸಿಗೇ ಬೇನೆ ಬಂದಾಗ ಅವನು ಮೊದಲು ವರದಿ ಮಾಡಿದರೆ ಉಳಿದವರಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಗಳಲೆ ರೋಗಕ್ಕೆ ಮುಂಗಾರಿಗೆ ಮುಂಚೆಯೂ, ಆಡು ಕುರಿಗಳ ಹಿರಿಬೇನೆಗೆ ವೈದ್ಯರು ಗೊತ್ತುಮಾಡಿದ ಕಾಲದಲ್ಲಿಯೂ ಲಸಿಕೆ ಹಾಕಿಸಬೇಕು. ಈ ಎರಡು ಲಸಿಕೆಗಳೂ ಬೆಂಗಳೂರಿನ ಹೆಬ್ಬಾಳದ ಸಂಸ್ಥೆಯಲ್ಲಿಯೇ ತಯಾರಾಗುತ್ತವೆ. ಲಸಿಕೆಯ ದಿನ ಊರಿನ ಎಲ್ಲ ರಾಸುಗಳೂ ಒಂದೆಡೆ ಸೇರುವಂತೆ ಡಂಗುರ ಸಾರಿಸುವುದು ಮುಖಂಡರಿಂದ ಆಗಬೇಕಾದ ಕೆಲಸ. ಅರ್ಧ ಊರು ಹಾಕಿಸಿ ಅರ್ಧ ಊರು ಬಿಟ್ಟರೆ, ಬಿಟ್ಟವರ ಹಟ್ಟಿಯಲ್ಲಿ ರೋಗವು ಜೀವ ಹಿಡಿದುಕೊಂಡಿರುತ್ತದೆ.

ಮಳೆಗಾಲದಲ್ಲಿ ಕೊಟ್ಟಿಗೆಯ ಎಲ್ಲ ಕಿಂಡಿಗಳನ್ನೂ ಮುಚ್ಚುವ ಪದ್ಧತಿಯನ್ನು ಬಿಡಿಸಬೇಕು. ಬೆಳಗಿನ ಜಾವ ಕೊಟ್ಟಿಗೆಯ ಬಾಗಿಲು ತೆರೆದು ಒಳಗೆ ಹೋದವನಿಗೆ ಗಂಜಲದ ಘಾಟಿನಿಂದ ಕಣ್ಣು ಉರಿದರೆ, ರಾತ್ರಿಯೆಲ್ಲ ಅದನ್ನೇ ಉಸಿರಾಡಿದ ಕರುವಿನ ಶ್ವಾಸಕೋಶದ ಗತಿಯನ್ನು ಊಹಿಸಿಕೊಳ್ಳಬಹುದು. ಸೂರಿನ ಕೆಳಗೆ ಗಾಳಿಗಿಂಡಿಗಳನ್ನು ಬಿಟ್ಟು, ನೆಲವನ್ನು ಇಳಿಜಾರಾಗಿ ಮಾಡಿ, ಗಂಜಲವು ಹರಿದುಹೋಗುವಂತೆ ಕಾಲುವೆ ತೆಗೆಯಲು ಹೆಚ್ಚಿನ ವೆಚ್ಚವಿಲ್ಲ. ಬಣವೆಯ ಸುತ್ತಲೂ ಗೋದಲಿಯಲ್ಲಿಯೂ ತಂತಿ ಮೊಳೆಗಳಿಲ್ಲದಂತೆ ನೋಡಿಕೊಳ್ಳಲು ವೆಚ್ಚವೇ ಇಲ್ಲ.

ರಾಸು ಹಠಾತ್ತಾಗಿ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಕಪ್ಪು ರಕ್ತವು ಒಸರುತ್ತಿದ್ದರೆ ಅದು ಮನುಷ್ಯರಿಗೂ ಹರಡುವ ಅಂಥ್ರಾಕ್ಸ್ ರೋಗವಾಗಿರಬಹುದಾದುದರಿಂದ ಕಳೇಬರವನ್ನು ಕೊಯ್ಯಲೂ ಚರ್ಮ ಸುಲಿಯಲೂ ಬಿಡಬಾರದು. ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸಬೇಕು. ಉಳಿದ ಸಾವುಗಳಲ್ಲಿ ವೈದ್ಯರಿಂದ ಶವಪರೀಕ್ಷೆ ಮಾಡಿಸಿದರೆ ಹಟ್ಟಿಯ ಮಿಕ್ಕ ರಾಸುಗಳನ್ನು ಉಳಿಸಿಕೊಳ್ಳಲು ದಾರಿ ತೋರುವುದು.

ಎದೆಯ ಬೇನೆಯು ಮೂಕಪ್ರಾಣಿಯನ್ನು ಮೊದಲು ನರಳಿಸುತ್ತದೆ, ಆಮೇಲೆ ಸುಮ್ಮನಾಗಿಸುತ್ತದೆ. ನರಳುವಾಗ ಎಲ್ಲರ ಕಣ್ಣೂ ಅದರ ಮೇಲಿರುವುದು. ಸುಮ್ಮನಾದಾಗ ಒಡೆಯನು ಅಳ್ಳೆಯ ಬಳಿ ನಿಂತು ಒಂದು ನಿಮಿಷ ಉಸಿರನ್ನು ಎಣಿಸಿ ನೋಡಬೇಕು. ಆ ಎಣಿಕೆಯು ಇಳಿದಿದ್ದರೆ ರಾಸು ವಾಸಿಯಾಗುತ್ತಿದೆ. ಇಳಿಯದಿದ್ದರೆ ನೊಗವನ್ನು ಗೋಡೆಗೆ ಒರಗಿಸಿ ವೈದ್ಯರಿಗೆ ಹೇಳಿಕಳುಹಿಸತಕ್ಕದ್ದು.